ಹರಿದೇ ಇರಬೇಕಾಗಿದ್ದ ಕುರ್ತಾ

ಸಿನಿಮಾದಲ್ಲಿ ಹೀರೋನ ಅಂಗಿ ಹರಿಯುವುದು ನೋಡುವವರಿಗೆ ಅರ್ಧ ನಿಮಿಷದ ಸಂಗತಿ. ಆ ಅರ್ಧ ನಿಮಿಷವನ್ನು ತೆಗೆಯಲು ನಮಗೆ ಮೂರು ದಿನ ಬೇಕಾಗುತ್ತಿತ್ತು. ಆ ಮೂರು ದಿನಗಳೂ ಒಟ್ಟಿಗೆ ಬರುತ್ತಿರಲಿಲ್ಲ. ನಡುವೆ ಹೀರೋ ಇನ್ನೊಂದು ಸಿನಿಮಾಕ್ಕೆ ಹೋಗಿ ಬರುತ್ತಿದ್ದರು, ಮಳೆ ಬಂದು ಹೋಗುತ್ತಿತ್ತು, ಸೆಟ್ಟಿನ ಬಣ್ಣ ಮಾಸುತ್ತಿತ್ತು. ಅಂಗಿ ಮಾತ್ರ ಅದೇ ಜಾಗದಲ್ಲಿ, ಅದೇ ಉದ್ದಕ್ಕೆ, ಅವೇ ಎಳೆಗಳು ಜೋತುಬಿದ್ದ ಹಾಗೆ ಹರಿದಿರಬೇಕಿತ್ತು. ಅದನ್ನು ಕಾಯುವವನು ಡ್ರೆಸ್‌ಮ್ಯಾನ್. ಸೆಟ್ಟಿನಲ್ಲಿ ನಮ್ಮನ್ನು ಡ್ರೆಸ್‌ದಾದಾ ಎಂದು ಕರೆಯುತ್ತಿದ್ದರು. ನಾನು ಆ ಕೆಲಸವನ್ನು ಬಹಳ ವರ್ಷ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಇರುವುದು ಒಂದು ಕುರ್ತಾದ ವಿಷಯದಲ್ಲಿ. ಅದನ್ನೇ ಬರೆಯುತ್ತಿದ್ದೇನೆ.

ನಾನು ವಿಜಾಪುರದವನು. ಐದನೇ ಇಯತ್ತೆಯಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕೈಯಲ್ಲಿ ಕತ್ತರಿ ಹಿಡಿದರೆ ಸಿಗುತ್ತಿದ್ದ ಮರ್ಯಾದೆ ಪಾಟಿ ಹಿಡಿದರೆ ಸಿಗುತ್ತಿರಲಿಲ್ಲ. ಮುಂಬಯಿಯ ಕುರ್ಲಾದಲ್ಲಿ ನಮ್ಮ ಚಾಚಾನ ಹೊಲಿಗೆ ಅಂಗಡಿಯಿತ್ತು, ಅಲ್ಲಿಗೆ ಬಂದೆ. ಕೆಲವು ವರ್ಷಗಳಾದ ಮೇಲೆ ಮಲಾಡ್‌ನ ಒಂದು ಸ್ಟುಡಿಯೋದಿಂದ ಸೈನಿಕರ ಸಮವಸ್ತ್ರ ಹೊಲಿಯುವ ಕೆಲಸ ಬಂತು. ಹೊಲಿದದ್ದನ್ನು ಕೊಡಲು ಹೋದವನು ಅಲ್ಲೇ ಉಳಿದೆ.

ಆ ಕಾಲಕ್ಕೆ ಡ್ರೆಸ್‌ಮ್ಯಾನ್‌ಗಳಾದ ನಮ್ಮ ಸಂಘ ಇನ್ನೂ ಹೊಸದು. ಸಂಘಕ್ಕೂ ಮುಂಚಿನ ಒಂದೆರಡು ವರ್ಷ ನಾನು ಕಂಡಿದ್ದೇನೆ. ಬೆಳಿಗ್ಗೆ ಗೇಟಿನ ಹತ್ತಿರ ನಿಲ್ಲಬೇಕು. ಮ್ಯಾನೇಜರ್ ಬಂದು ‘ನೀನು, ನೀನು, ನೀನು’ ಎಂದು ಬೆರಳು ತೋರಿಸಿದವರು ಒಳಗೆ. ಉಳಿದವರು ಲೋಕಲ್ ರೈಲು ಹಿಡಿದು ಮನೆಗೆ. ಒಳಗೆ ಹೋದವನು ಯಾವಾಗ ಹೊರಗೆ ಬರುತ್ತಾನೆ ಎಂದು ಹೇಳುವವರಿಲ್ಲ. ಊಟದ ಹೊತ್ತು ಎಂಬುದು ದೊಡ್ಡವರಿಗೆ ಹಸಿವಾದ ಹೊತ್ತು. ಸಂಘ ಬಂದ ಮೇಲೆ ಶಿಫ್ಟ್ ಬಂತು, ಊಟಕ್ಕೆ ಗಂಟೆ ಬಂತು, ಫೋಟೋ ಅಂಟಿಸಿದ ಒಂದು ನೀಲಿ ಕಾರ್ಡ್ ಬಂತು. ಆ ಕಾರ್ಡ್ ತೋರಿಸಿದರೆ ಯಾವ ಸ್ಟುಡಿಯೋದವನೂ ಬಾಗಿಲಲ್ಲಿ ನನ್ನನ್ನು ಎಲವೋ ಎನ್ನುವ ಹಾಗಿರಲಿಲ್ಲ. ಕಾರ್ಡ್ ಇಲ್ಲದಿದ್ದರೆ ಯಾವ ಸ್ಟುಡಿಯೋದವನೂ ಒಳಗೆ ಬಿಡುವ ಹಾಗಿರಲಿಲ್ಲ. ಎರಡೂ ನಿಜ.

ಹಿಂದಿ ಸಿನಿಮಾ ಇಡೀ ದೇಶದ್ದು ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಅದನ್ನು ಬೆಳೆಸಿದವರು ಯಾರೆಂದು ಕೇಳಿದರೆ ನಾಲ್ಕು ಜನ ನಟರ, ನಾಲ್ಕು ಜನ ನಿರ್ದೇಶಕರ ಹೆಸರು ಹೇಳುತ್ತಾರೆ. ನನಗೆ ನೆನಪಾಗುವುದು ದಾದರ್‌ನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿದ್ದ ಎರಡು ಕೋಣೆಗಳು. ನಮ್ಮ ಸಂಘದ ಆಫೀಸು ಅದು. ಮರದ ಮೆಟ್ಟಿಲು, ಒಂದು ಉದ್ದ ಮೇಜು, ಒಂದು ಕಪಾಟು. ಬಂಗಾಳದಿಂದ ಬಂದವನು, ಪಂಜಾಬಿನಿಂದ ಬಂದವನು, ಕೊಂಕಣದವನು, ಮಂಗಳೂರಿನವನು, ನಾನು, ನಾವೆಲ್ಲ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುವವರು, ಆ ಮೇಜಿನ ಸುತ್ತ ಕೂತು ಎಷ್ಟು ಗಂಟೆ ದುಡಿಯಬೇಕು, ಯಾರು ಯಾರಿಗೆ ಕೆಲಸ ಕಲಿಸಬೇಕು, ಜಗಳವಾದರೆ ಯಾರ ಮುಂದೆ ಹೋಗಬೇಕು ಎಂಬುದನ್ನೆಲ್ಲ ಗೊತ್ತುಮಾಡಿಕೊಂಡೆವು. ಲೈಟಿನವರಿಗೆ ಅವರದೇ ಸಂಘ, ಬಡಗಿಗಳಿಗೆ ಅವರದು, ನಿರ್ಮಾಪಕರಿಗೆ ಅವರದು. ಇವರೆಲ್ಲ ಕೂತು ಒಪ್ಪಿದ ಮೇಲೇ ಕ್ಯಾಮೆರಾ ತಿರುಗುತ್ತಿತ್ತು. ನಾನು ಒಂದು ಭಾನುವಾರವೂ ಸಭೆ ತಪ್ಪಿಸಿದವನಲ್ಲ. ಆ ಹೆಮ್ಮೆಯೇ ಆಮೇಲೆ ನನ್ನ ಕಾಲಿಗೆ ತೊಡರಿತು.

ಮದುವೆಯಾಗಿ ಕುರ್ಲಾದ ಒಂದು ಚಾಳಿನ ವಠಾರದಲ್ಲಿ ಒಂಟಿ ಕೋಣೆಯ ಖೋಲಿ ಮಾಡಿದೆ. ಹೆಂಡತಿಯೂ ವಿಜಾಪುರದವಳು. ಅವಳ ತಂದೆ ರಫು ಕೆಲಸದವರು. ರಫು ಎಂದರೆ ತೇಪೆಯಲ್ಲ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಆ ಎಳೆಯಿಂದಲೇ ಹರಿದ ಜಾಗವನ್ನು ಮತ್ತೆ ನೇಯುವುದು. ಅಬ್ಬಾನ ಪಕ್ಕದಲ್ಲಿ ಕೂತು ಏಳನೇ ವಯಸ್ಸಿಗೇ ಅವಳು ಸೂಜಿ ಹಿಡಿದಿದ್ದಳು. ನನಗೆ ಕತ್ತರಿಸಲು ಬರುತ್ತಿತ್ತು, ಹೊಲಿಯಲು ಬರುತ್ತಿತ್ತು. ರಫು ಬರುತ್ತಿರಲಿಲ್ಲ.

ಒಮ್ಮೆ ಸ್ಟುಡಿಯೋದಲ್ಲಿ ಒಂದು ರೇಷ್ಮೆ ಶೇರವಾನಿ ಮೊಳೆಗೆ ಸಿಕ್ಕಿ ಹರಿಯಿತು. ಬೈಗುಳ ತಪ್ಪಿಸಿಕೊಳ್ಳಲು ಚೀಲದಲ್ಲಿಟ್ಟು ಮನೆಗೆ ತಂದೆ. ಅವಳು ರಫು ಮಾಡಿಕೊಟ್ಟಳು. ಮರುದಿನ ನೋಡಿದವರೆಲ್ಲ ಬೆರಗಾಗಿ, ‘ದಾದಾ, ನಿನ್ನ ಕೈಯಲ್ಲಿ ಜಾದೂ ಐತಿ’ ಎಂಬರ್ಥದ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಹೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಹೌದು ಎಂದಂತಾಯಿತು. ಆಮೇಲೆ ಮೂರು ವರ್ಷ ಹಾಗೇ ನಡೆಯಿತು. ಸ್ಟುಡಿಯೋದ ಬಟ್ಟೆ ಹೊರಗೆ ಒಯ್ಯಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಆ ನಿಯಮಕ್ಕೆ ಒಪ್ಪಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆದರೂ ಊಟದ ಡಬ್ಬಿಯ ಕೆಳಗೆ ಬಟ್ಟೆ ಮಡಚಿಟ್ಟು ತರುತ್ತಿದ್ದೆ. ಖೋಲಿಯ ಕಿಟಕಿಯ ಪಕ್ಕ ಒಂದು ಮೊಳೆಯಿತ್ತು. ಅದಕ್ಕೆ ಏನು ತೂಗುಹಾಕಿದರೂ ಅದು ರಫುವಿಗೆ ಬಂದದ್ದು ಎಂದು ಅರ್ಥ. ಹೇಳುವ ಕೆಲಸವೇ ಇರಲಿಲ್ಲ. ತೂಗುಹಾಕಿದ್ದನ್ನು ಅವಳು ಸರಿಮಾಡಿ ಮಡಚಿ ಪೆಟ್ಟಿಗೆಯ ಮೇಲೆ ಇಡುತ್ತಿದ್ದಳು.

ಅವಳು ಒಮ್ಮೆ ಕೇಳಿದ್ದಳು: “ಇದ ಉಟ್ಕೊಂಡು ಅವ್ರು ಏನ್ ಮಾಡ್ತಾರ್ರಿ?”

“ಓಡ್ತಾರ, ಹಾಡ್ತಾರ.”

“ಯಾಕ ಓಡ್ತಾರ?”

“ಅದೆಲ್ಲ ನಿನಗ್ಯಾಕ? ಸೂಜಿ ನೋಡು, ಬೆರಳಿಗೆ ಚುಚ್ಚೀತು.”

ಹೀಗಿತ್ತು ನನ್ನ ಉತ್ತರ. ಈಗ ಬರೆಯುವಾಗ ಕೈ ತಡೆಯುತ್ತದೆ.

ಆ ವರ್ಷದ ಮಳೆಗಾಲದಲ್ಲಿ ಒಂದು ಹೊಡೆದಾಟದ ದೃಶ್ಯ ನಡೆಯುತ್ತಿತ್ತು. ಹೀರೋ ಬಾದಾಮಿ ಬಣ್ಣದ ರೇಷ್ಮೆ ಕುರ್ತಾ ಹಾಕಿದ್ದರು. ಖಳನಾಯಕ ಚಾಕು ಬೀಸುತ್ತಾನೆ, ಹೀರೋ ಪಕ್ಕಕ್ಕೆ ಸರಿಯುತ್ತಾರೆ, ಚಾಕು ಎಡ ಭುಜದಿಂದ ಎದೆಯವರೆಗೆ ಕುರ್ತಾವನ್ನು ಸೀಳುತ್ತದೆ. ಮೈಗೆ ಒಂದು ಗೀರೂ ಬೀಳುವುದಿಲ್ಲ. ಹೀರೋಗಳ ಪುಣ್ಯ ಅದು. ಶನಿವಾರ ಅರ್ಧ ದೃಶ್ಯ ತೆಗೆದರು, ಸೀಳನ್ನು ಬಹಳ ಹತ್ತಿರದಿಂದಲೂ ತೆಗೆದರು. ಉಳಿದರ್ಧ ಮಂಗಳವಾರಕ್ಕೆ. ಇಂಥ ದೃಶ್ಯಕ್ಕೆ ಒಂದೇ ಬಟ್ಟೆಯಲ್ಲಿ ಎರಡು ಕುರ್ತಾ ಹೊಲಿಸಬೇಕು. ಈ ಸಿನಿಮಾದವರು ಒಂದೇ ಹೊಲಿಸಿದ್ದರು.

ಡ್ರೆಸ್ ಕೋಣೆಯ ಸೂರು ಸೋರುತ್ತಿತ್ತು. ರೇಷ್ಮೆಗೆ ಬೂಷ್ಟು ಹಿಡಿದರೆ ಕಥೆ ಮುಗಿಯಿತು ಎಂದು ಹೆದರಿ ಕುರ್ತಾವನ್ನು ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಸ್ವಲ್ಪ ಬಿಸಿಲು ಬಿತ್ತು. ಗಾಳಿ ಆಡಲಿ ಎಂದು ಕುರ್ತಾವನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿ, ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಸಂಘದ ಸಭೆಗೆ ಓಡಿದೆ. ಆ ದಿನ ಸಭೆಯಲ್ಲಿ ಹೊಸಬರಿಗೆ ಕೆಲಸ ಕಲಿಸುವ ಬಗ್ಗೆ ನಾನು ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬಿತ್ತು. ಸಂಜೆ ಮನೆಗೆ ಬಂದಾಗ ಕುರ್ತಾ ಪೆಟ್ಟಿಗೆಯ ಮೇಲೆ ಮಡಚಿ ಕೂತಿತ್ತು. ಮಳೆ ಬಂದಿರಬೇಕು, ತೆಗೆದಿಟ್ಟಿದ್ದಾಳೆ ಎಂದುಕೊಂಡೆ. ಬಿಚ್ಚಿ ನೋಡಲಿಲ್ಲ.

ಮಂಗಳವಾರ ಸೆಟ್ಟಿನಲ್ಲಿ ಲೈಟೆಲ್ಲ ಸಿದ್ಧವಾಯಿತು. ಹೀರೋ ಕುರ್ತಾ ಹಾಕಿಕೊಂಡು ಬಂದು ನಿಂತರು. ಸಹಾಯಕ ನಿರ್ದೇಶಕ ಕೈಯಲ್ಲಿ ಶನಿವಾರದ ಫೋಟೋ ಹಿಡಿದು ಅವರ ಎದೆಯನ್ನೇ ನೋಡಿದ. ಫೋಟೋ ನೋಡಿದ. ಮತ್ತೆ ಎದೆ ನೋಡಿದ.

“ಎಲ್ಲಿ?” ಎಂದ.

“ಏನೆಲ್ಲಿ?” ಎಂದರು ನಿರ್ದೇಶಕರು.

“ಹರಕು ಎಲ್ಲಿ?”

ನಾನು ಹೋಗಿ ಮುಟ್ಟಿ ನೋಡಿದೆ. ಸೀಳು ಇರಲಿಲ್ಲ. ಸೀಳು ಇದ್ದ ಗುರುತೂ ಇರಲಿಲ್ಲ. ಲೈಟಿಗೆ ಎತ್ತಿ ಹಿಡಿದರು, ತಿರುಗಿಸಿ ನೋಡಿದರು. ಬಟ್ಟೆ ಮಗ್ಗದಿಂದ ಆಗಷ್ಟೇ ಇಳಿದ ಹಾಗಿತ್ತು. ಹೊಡೆದಾಟ ಕಲಿಸುವ ಮಾಸ್ಟರ್, “ಒಳ್ಳೇ ಡಾಕ್ಟರ್ ಸಿಕ್ಕಿದ್ದಾನೆ, ಗಾಯ ಕಲೆ ಇಲ್ಲದೆ ವಾಸಿ ಆಗಿದೆ” ಎಂದು ನಕ್ಕ. ಯಾರೋ ಕತ್ತರಿ ತಂದರು. ಸಹಾಯಕ ನಿರ್ದೇಶಕ ತಡೆದ. ಸೀಳು ಪರದೆಯ ತುಂಬ ಕಾಣುವ ಹಾಗೆ ತೆಗೆದಿದ್ದೇವೆ, ಒಂದು ಎಳೆ ಆಚೀಚೆ ಆದರೂ ಸಿಕ್ಕಿಬೀಳುತ್ತದೆ ಎಂದ.

ಹೀರೋ ಒಳ್ಳೆಯ ಮನುಷ್ಯ. ಕೂಗಾಡಲಿಲ್ಲ. ಎದೆಯ ಮೇಲೆ ಕೈಯಾಡಿಸಿ, “ಕ್ಯಾ ಬಾತ್ ಹೈ. ಇಂಥ ಕೆಲಸ ಯಾರು ಮಾಡಿದ್ದು?” ಎಂದು ಕೇಳಿದರು.

ಐವತ್ತು ಜನ ನನ್ನನ್ನೇ ನೋಡುತ್ತಿದ್ದರು. ‘ತಪ್ಪು ನಡೆದುಹೋಯಿತು, ಮನೆಗೆ ಒಯ್ದಿದ್ದೆ’ ಎಂದುಬಿಟ್ಟಿದ್ದರೆ ಮಧ್ಯಾಹ್ನದೊಳಗೆ ಕುರ್ಲಾಕ್ಕೆ ಹೋಗಿ ಬಿಡಿಸಿಕೊಂಡು ಬರಬಹುದಿತ್ತು. ನಾನು “ನಾನೇ” ಎಂದೆ.

“ನೀನೇ ಮಾಡಿದ್ದಾದರೆ ನೀನೇ ಬಿಚ್ಚು” ಎಂದ ಪ್ರೊಡಕ್ಷನ್ ಮ್ಯಾನೇಜರ್. ಕಣ್ಣು ಮಂಜಾಗಿದೆ, ಕೈ ನಡುಗುತ್ತಿದೆ ಎಂದು ಏನೇನೋ ಹೇಳಿದೆ. ಆ ದಿನದ ಶೂಟಿಂಗ್ ನಿಂತಿತು. ಮ್ಯಾನೇಜರ್ ಕುರ್ತಾವನ್ನು ಕಾಗದದಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿಸಿ, ದೂರಿನ ಜೊತೆ ದಾದರ್ ಆಫೀಸಿಗೆ ಕಳಿಸಿದ. ಈ ಮನುಷ್ಯನ ಕಾರ್ಡ್ ರದ್ದಾಗಬೇಕು ಎಂಬುದು ದೂರು. ಅವನನ್ನು ದೂರುವುದಿಲ್ಲ. ಅವನಿಗೂ ಮೇಲಿನವರು ಇದ್ದರು.

ಕಾರ್ಡ್ ಹೋದರೆ ಮುಂಬಯಿಯ ಯಾವ ಸ್ಟುಡಿಯೋದ ಬಾಗಿಲೂ ನನಗಿಲ್ಲ. ಆ ನಿಯಮ ಮಾಡಿದವರಲ್ಲೂ ನಾನಿದ್ದೆ.

ಬುಧವಾರ ಬೆಳಿಗ್ಗೆ ಎಂದಿನ ಹಾಗೆ ಡಬ್ಬಿ ಹಿಡಿದು ಹೊರಟೆ. ದಾದರ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಊಟದ ಹೊತ್ತಿಗೆ ಊಟ ಮಾಡಿ, ಸಂಜೆ ಮನೆಗೆ ಬಂದೆ. ಹೆಂಡತಿ ನನ್ನ ಬೂಟು ನೋಡಿದಳು.

“ಮಲಾಡ್‌ದಾಗ ಮಳಿ ಬರ್ಲಿಲ್ಲೇನ್ರಿ?”

“ಬಂತಲ್ಲ.”

“ಬೂಟಿಗೆ ಕೆಸರಿಲ್ಲ.”

ನಮ್ಮ ಮನೆಮಾತು ದಖನಿ ಉರ್ದು. ಆದರೆ ಚಾಳಿನಲ್ಲಿ ಅದು ಎಲ್ಲರಿಗೂ ತಿಳಿಯುತ್ತಿತ್ತು. ಆದ್ದರಿಂದ ಜಗಳ, ಗುಟ್ಟು, ಪ್ರೀತಿ ಈ ಮೂರನ್ನೂ ನಾವು ಕನ್ನಡದಲ್ಲಿ ಇಟ್ಟುಕೊಂಡಿದ್ದೆವು. ಮರುದಿನ ಸಂಘದ ಆಫೀಸಿನಲ್ಲಿ ವಿಚಾರಣೆ ಇದೆ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಹರಿದ ಬಟ್ಟೆ ಹರಿದೇ ಇರಬೇಕಾಗಿತ್ತು ಎಂಬುದನ್ನು ಅವಳಿಗೆ ತಿಳಿಸಲು ಸಿನಿಮಾ ತೆಗೆಯುವ ಬಗೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅರ್ಧ ಇಂದು, ಅರ್ಧ ನಾಳೆ, ಕೊನೆಯದು ಮೊದಲು, ಮೊದಲಿನದು ಕೊನೆಗೆ. ಅವಳು ಬಾಯಿ ತೆರೆದುಕೊಂಡು ಕೇಳಿದಳು.

“ಅಂದ್ರ ಹೊಡೆದಾಟ ನಡದಾಗ ನಡೂವ ಮನಿಗೆ ಹೋಗಿ ಉಂಡು ಬರ್ತಾರ?”

“ಹೂಂ.”

“ಎರಡು ದಿನ ಬಿಟ್ಟು ಬಂದು ಅದs ಸಿಟ್ಟು ಮಾಡ್ತಾರ?”

“ಅದಕ್ಕs ಅವ್ರಿಗೆ ಅಷ್ಟು ದೊಡ್ಡ ಹೆಸರು.”

ಅವಳಿಗೆ ನಗು ಬಂತು. ಆಮೇಲೆ ನಗು ಹೋಯಿತು. “ಮೂರು ವರ್ಷ ಆತು. ಈ ಮಾತು ಇವತ್ತು ಹೇಳಾಕತ್ತೀರಿ” ಎಂದಳು. ಎದ್ದು ನಿಂತು, “ನಾನೂ ಬರ್ತೀನಿ ನಾಳೆ. ಒಂದು ಗಳಿಗ್ಯಾಗ ಬಿಚ್ಚಿ ಕೊಡ್ತೀನಿ” ಎಂದಳು.

“ಬ್ಯಾಡ.”

“ಯಾಕ?”

“ಅಷ್ಟು ಗಂಡಸರ ಮುಂದ ನೀ ಯಾಕ ಬರ್ತಿ?”

“ಗಂಡಸರ ಮುಂದಂತ ಬ್ಯಾಡ ಅಂತೀರೋ, ನಾ ಮಾಡಿದ್ದು ಗೊತ್ತಾಕ್ಕೈತಂತ ಬ್ಯಾಡ ಅಂತೀರೋ?”

ನಾನು ಬೂಟಿನ ದಾರ ಬಿಚ್ಚತೊಡಗಿದೆ. ಅವಳು ತಟ್ಟೆಯಲ್ಲಿ ರೊಟ್ಟಿ ಹಾಕಿ, ನನ್ನ ಕಡೆ ನೋಡದೆ, ಪಲ್ಯ ಮಾತ್ರ ಎಂದಿಗಿಂತ ಜಾಸ್ತಿ ಬಡಿಸಿದಳು.

ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ಮೇಜಿನ ಒಂದು ಕಡೆ ನಮ್ಮ ಸಂಘದ ಕಾರ್ಯದರ್ಶಿ ಮತ್ತು ಇಬ್ಬರು ಹಿರಿಯರು, ಇನ್ನೊಂದು ಕಡೆ ನಿರ್ಮಾಪಕರ ಸಂಘದಿಂದ ಬಂದ ಇಬ್ಬರು. ತುದಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್, ಅವನ ಪಕ್ಕ ಫೋಟೋ ಹಿಡಿದ ಸಹಾಯಕ ನಿರ್ದೇಶಕ. ಕಾರ್ಯದರ್ಶಿ ಬೆಳಗಾವಿಯವರು, ಮನೆಮಾತು ಮರಾಠಿ. ಎಲ್ಲರ ಮುಂದೆ ಹಿಂದಿ ಆಡುತ್ತಿದ್ದರು, ನನ್ನ ಹತ್ತಿರ ಮಾತ್ರ ಕನ್ನಡ. ಅರಗು ಒಡೆದು ಕುರ್ತಾ ತೆಗೆದು ನನ್ನ ಮುಂದೆ ಹರಡಿದರು.

“ನೋಡಪಾ, ಇದು ದೊಡ್ಡ ಮಾತಲ್ಲ. ನೀ ಮಾಡಿದ ರಫು ನೀನs ಬಿಚ್ಚು. ಹರಕು ಮೊದಲಿನ ಹಂಗ ಬಂತಂದ್ರ ಇವ್ರ ಶೂಟಿಂಗ್ ನಡೀತೈತಿ, ದೂರು ಇಲ್ಲೇ ಮುಗೀತೈತಿ” ಎಂದರು.

ಮ್ಯಾನೇಜರ್ ಒಪ್ಪಿ ತಲೆಯಾಡಿಸಿದ. ಎಷ್ಟು ಸುಲಭದ ಶಿಕ್ಷೆ. ಸೂಜಿ ತೆಗೆದುಕೊಂಡೆ. ಭುಜದಿಂದ ಎದೆಯವರೆಗೆ ಬೆರಳಾಡಿಸಿದೆ. ಮೂರು ವರ್ಷ ನನ್ನದೆಂದು ಹೇಳಿಕೊಂಡ ಕೆಲಸ ನನ್ನ ಬೆರಳಿಗೆ ಸಿಗಲಿಲ್ಲ. ಕಿಟಕಿಯ ಹತ್ತಿರ ಹೋದೆ, ಒಳಮಗ್ಗುಲು ತಿರುಗಿಸಿದೆ. ಹಣೆಯ ಬೆವರು ರೇಷ್ಮೆಯ ಮೇಲೆ ಬೀಳಬಾರದೆಂದು ಮುಖ ಪಕ್ಕಕ್ಕೆ ಮಾಡಿಕೊಂಡೆ. ಕೆಳಗಿನ ಅಂಗಡಿಯಲ್ಲಿ ಯಾರೋ ಹಂಡೆಯೊಂದನ್ನು ತಟ್ಟಿ ತಟ್ಟಿ ನೋಡುತ್ತಿದ್ದರು. 

“ಇವನಲ್ಲ” ಎಂದ ಮ್ಯಾನೇಜರ್ ಮೆಲ್ಲಗೆ. “ಬಟ್ಟೆ ಹೊರಗೆ ಹೋಗಿದೆ. ಬೇರೆ ಯಾರೋ ಮಾಡಿದ್ದಾರೆ. ಇವನು ಸಂಘಕ್ಕೇ ಸುಳ್ಳು ಹೇಳುತ್ತಿದ್ದಾನೆ.”

ಕಾರ್ಯದರ್ಶಿ ನನ್ನನ್ನು ನೋಡಿದರು. “ಖರೇನ?”

ಆ ಮೇಜಿನ ಸುತ್ತ ಕೂತವರಲ್ಲಿ ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಗೇಟಿನ ಹೊರಗೆ ಬೆರಳು ತೋರಿಸಿದರೆ ಒಳಗೆ ಹೋಗುತ್ತಿದ್ದ ಕಾಲದಲ್ಲಾದರೆ ಇಷ್ಟು ಹೊತ್ತಿಗೆ ನನ್ನ ಕುತ್ತಿಗೆ ಹಿಡಿದು ತಳ್ಳಿರುತ್ತಿದ್ದರು. ಇಲ್ಲಿ ಇಬ್ಬರ ಮಾತೂ ಕೇಳಲು ಜನ ಕೂತಿದ್ದರು, ನನ್ನ ಬಾಯಿಂದ ನಿಜ ಬರಲಿ ಎಂದು ಕಾಯುತ್ತಿದ್ದರು. ಅದೇ ಹೆಚ್ಚು ಕಷ್ಟವಾಯಿತು.

“ನನ್ನ ಹೆಂಡತಿ ಮಾಡ್ಯಾಳ್ರಿ” ಎಂದೆ. “ಇದೊಂದs ಅಲ್ಲ. ಮೂರು ವರ್ಷದಿಂದ ಎಲ್ಲಾ ಆಕಿನs ಮಾಡ್ಯಾಳ. ನನಗ ರಫು ಬರೂದಿಲ್ಲ.”

ಕಾರ್ಯದರ್ಶಿ ಅದನ್ನು ಹಿಂದಿಗೆ ತಿರುಗಿಸಿ ಉಳಿದವರಿಗೆ ಹೇಳಿದರು. ಒಂದೇ ಮಾತು ಎರಡು ಸಲ ಕೇಳಬೇಕಾಯಿತು ನನಗೆ. ಆಮೇಲೆ ಗೋಡೆಯ ಗಡಿಯಾರ ನೋಡಿ, “ನಾಲ್ಕು ಗಂಟೆ ತನಕ ಕೂತಿರ್ತೀವಿ. ಕರ್ಕೊಂಡು ಬಾ” ಎಂದರು.

ಕುರ್ಲಾಕ್ಕೆ ಹೋದೆ. ಅವಳು ಒಲೆಯ ಮುಂದೆ ಇದ್ದಳು. ತಲೆ ಎತ್ತಿ ನೋಡಿದಳು. ನಾನೇ, “ನಡಿ, ನಿನ್ನ ಕರೀಲಿಕತ್ತಾರ” ಎಂದೆ.

“ಅವ್ರು ಕರೀಲಿಕತ್ತಾರೋ, ನೀವು ಕರೀಲಿಕತ್ತೀರೋ?”

“ನಾ ಕರೀಲಿಕತ್ತೀನಿ.”

ಕೈ ತೊಳೆದು, ಬುರ್ಖಾ ಹಾಕಿಕೊಂಡು, ಅಬ್ಬಾ ಕೊಟ್ಟಿದ್ದ ಸೂಜಿಗಳ ಡಬ್ಬಿ ತೆಗೆದುಕೊಂಡಳು. ಲೋಕಲ್‌ನಲ್ಲಿ ಅವಳು ಹೆಂಗಸರ ಬೋಗಿಯಲ್ಲಿ, ನಾನು ಪಕ್ಕದ ಬೋಗಿಯಲ್ಲಿ. ನಡುವಿನ ಜಾಲರಿಯಿಂದ ಅವಳ ಕೈ ಕಾಣುತ್ತಿತ್ತು. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಕೂರುವ ಮುಂಚೆ ದಿನವೂ ಹಾಗೆ ಮಾಡುತ್ತಿದ್ದಳು. ಮೂರು ವರ್ಷ ಒಂದೇ ಖೋಲಿಯಲ್ಲಿದ್ದು ಅದನ್ನು ಅಂದು ಗಮನಿಸಿದೆ.

ಅವಳು ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಎಲ್ಲರೂ ಎದ್ದು ನಿಂತರು. ಕುರ್ಚಿ ಕೊಟ್ಟರು, ಅವಳು ಕೂರಲಿಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ಕೂತು, ಮುಖದ ಮೇಲಿನ ಪರದೆ ಸರಿಸಿ, ಕುರ್ತಾವನ್ನು ತೊಡೆಯ ಮೇಲೆ ತಿರುವಿ ಹಾಕಿಕೊಂಡಳು. ಒಂದು ಬಟ್ಟಲು ನೀರು ಕೇಳಿದಳು. ತೋರುಬೆರಳನ್ನು ಅದ್ದಿ ಭುಜದಿಂದ ಕೆಳಗೆ ಮೆಲ್ಲಗೆ ಎಳೆದಳು. ಒದ್ದೆಯಾದ ರೇಷ್ಮೆಯಲ್ಲಿ ಒಂದು ಕಡೆ ಕೂದಲಿನಷ್ಟು ಸಣ್ಣ ಗೆರೆ ಸ್ವಲ್ಪ ಕಪ್ಪಗೆ ಕಂಡಿತು. ಎರಡು ಪದರ ಎಳೆ ಇದ್ದ ಕಡೆ ನೀರು ಹೆಚ್ಚು ನಿಲ್ಲುತ್ತದೆ ಎಂದು ಆಮೇಲೆ ಹೇಳಿದಳು.

“ನಾವು ಗಂಟು ಹಾಕೂದಿಲ್ರಿ” ಎಂದು ಕಾರ್ಯದರ್ಶಿಗೆ ಹೇಳಿದಳು, ಕಣ್ಣು ಮಾತ್ರ ಬಟ್ಟೆಯ ಮೇಲೆ. “ಗಂಟು ಹಾಕಿದ್ರ ಮುಂದ ಕಾಣ್ತೈತಿ. ಕಡೀ ಎಳಿ ಸುಮ್ಮನ ಒಳಗ ಮಲಗಿಸಿರ್ತೀವಿ. ಅದನ್ನ ಎಬ್ಬಿಸಿದ್ರ ಉಳಿದಾವೆಲ್ಲ ತಾವs ಬರ್ತಾವ.”

ಸೂಜಿಯ ತುದಿಯಿಂದ ಆ ಎಳೆಯನ್ನು ಎಬ್ಬಿಸಿದಳು. ಒಂದು ಎಳೆ, ಮತ್ತೊಂದು ಎಳೆ. ನಾವೆಲ್ಲ ಸುತ್ತ ಬಗ್ಗಿ ನಿಂತಿದ್ದೆವು. ಮ್ಯಾನೇಜರ್ ನೆಲದ ಮೇಲೇ ಕೂತುಬಿಟ್ಟಿದ್ದ. ಅರ್ಧ ಗಂಟೆಯ ಹೊತ್ತಿಗೆ ಸೀಳು ಭುಜದಿಂದ ಎದೆಯವರೆಗೆ ಬಾಯಿಬಿಟ್ಟಿತು. ಸಹಾಯಕ ನಿರ್ದೇಶಕ ಫೋಟೋವನ್ನು ಪಕ್ಕದಲ್ಲಿ ಹಿಡಿದ. ಜೋತುಬಿದ್ದ ಎಳೆಗಳನ್ನು ಒಂದೊಂದಾಗಿ ನೋಡಿದ. “ಇಲ್ಲೊಂದು ಎಳೆ ಎಡಕ್ಕೆ ವಾಲಿರಬೇಕು” ಎಂದ. ಅವಳು ಉಗುರಿನಿಂದ ಅದನ್ನು ಎಡಕ್ಕೆ ವಾಲಿಸಿದಳು. “ಬಸ್, ಸಾಕು” ಎಂದ ಅವನು.

“ಇದನ್ನ ಹರಿಯಾಕ ಎಷ್ಟೊತ್ತು ಆಗಿತ್ರಿ?” ಎಂದು ಅವಳು ಕೇಳಿದಳು.

ಕಾರ್ಯದರ್ಶಿ ತಿಳಿಸಿ ಹೇಳಿದಾಗ ಸಹಾಯಕ ನಿರ್ದೇಶಕ ಚಿಟಿಕೆ ಹೊಡೆದು ತೋರಿಸಿದ.

“ನನಗ ಇಡೀ ಭಾನುವಾರ ಹೋತು” ಎಂದಳು. ಅದು ದೂರಲ್ಲ. ಆದರೂ ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು.

ಆಮೇಲೆ ನಮ್ಮಿಬ್ಬರನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಒಳಗೆ ಮಾತಾಡಿದರು. ಧ್ವನಿಗಳು ಏರಿದವು, ಇಳಿದವು. ಕರೆದಾಗ ಕಾರ್ಯದರ್ಶಿ ಒಂದೊಂದೇ ಹೇಳಿದರು. ಹರಕು ಮೊದಲಿನ ಹಾಗೆ ಬಂದದ್ದಕ್ಕೆ ಕಾರ್ಡ್ ರದ್ದು ಮಾಡುವ ಬೇಡಿಕೆಯನ್ನು ಎದುರಿನವರು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಹೊಡೆದಾಟದ ಬಟ್ಟೆ ಇನ್ನು ಮುಂದೆ ಎರಡೆರಡು ಹೊಲಿಸಲು ಅವರೂ ಒಪ್ಪಿದ್ದಾರೆ, ಡ್ರೆಸ್ ಕೋಣೆಯ ಸೂರು ಸರಿಮಾಡಿಸಲೂ. ಬೇಕೆಂದೇ ಹರಿದಿಟ್ಟ ಬಟ್ಟೆಯ ಕಾಲರಿಗೆ ಡ್ರೆಸ್‌ಮ್ಯಾನ್ ಕೆಂಪು ದಾರ ಕಟ್ಟಬೇಕು, ಅದನ್ನು ಯಾರೂ ಒಗೆಯಬಾರದು, ಹೊಲಿಯಬಾರದು. ಈ ಕೆಂಪು ದಾರ ಎರಡೇ ವರ್ಷದಲ್ಲಿ ನಾನು ಕೆಲಸ ಮಾಡಿದ ಎಲ್ಲ ಸ್ಟುಡಿಯೋಗಳಿಗೂ ಹರಡಿತು. ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

“ಇನ್ನ ನಿಂದು” ಎಂದರು ಕಾರ್ಯದರ್ಶಿ. “ಬಟ್ಟಿ ಮನಿಗೆ ಒಯ್ದಿ. ಅದು ತಪ್ಪು, ಆದ್ರ ಕೆಲಸ ಉಳಿಸಾಕ ಒಯ್ದಿ. ಇನ್ನೊಬ್ಬರ ಕೆಲಸ ನಿಂದಂತ ಹೇಳಿದಿ. ಅದಕ್ಕ ಸಂಘದಾಗ ಮಾಫಿ ಇಲ್ಲ. ಎರಡು ತಿಂಗಳು ಕಾರ್ಡ್ ನಮ್ಮ ಹತ್ರ ಇರ್ಲಿ.”

ನಾನು ಜೇಬಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಅವಮಾನ ಆಗಲಿಲ್ಲ ಎಂದರೆ ಸುಳ್ಳು. ಆದರೆ ಆ ಶಿಕ್ಷೆ ನನ್ನ ಅಳತೆಗೆ ಹೊಲಿದ ಹಾಗಿತ್ತು. ಎಲ್ಲೂ ಬಿಗಿ ಇಲ್ಲ, ಎಲ್ಲೂ ಸಡಿಲ ಇಲ್ಲ.

ಅವರು ಕಪಾಟಿನಿಂದ ಒಂದು ಖಾಲಿ ಅರ್ಜಿ ತೆಗೆದು ಅವಳ ಕಡೆ ತಿರುಗಿದರು. “ನೋಡವಾ, ನಮ್ಮಲ್ಲಿ ರಫು ಮಾಡೋರು ಯಾರೂ ಇಲ್ಲ. ಡ್ರೆಸ್ ಖಾತೇದಾಗ ಹೆಂಗಸರೂ ಇಲ್ಲ. ನಮ್ಮ ಹಿರಿಯರಿಗೆ ಇದು ಅಷ್ಟಕ್ಕಷ್ಟs. ಆದ್ರ ಆರು ತಿಂಗಳ ಕಾರ್ಡಿಗೆ ಒಪ್ಯಾರ. ಬೇಕೇನು?”

ಅವಳು ನನ್ನನ್ನು ನೋಡಿದಳು. ನಾನು ಏನನ್ನೂ ಹೇಳದಿರಲು ಬಹಳ ಪ್ರಯತ್ನಪಟ್ಟೆ.

“ಬೇಕ್ರಿ” ಎಂದಳು.

ಅರ್ಜಿಯನ್ನು ಕಾರ್ಯದರ್ಶಿಯೇ ತುಂಬಿದರು. ಕಸಬು ಎಂದಲ್ಲಿ ರಫು ಎಂದು ಬರೆದರು. ಕಲಿಸಿದವರು ಎಂದಲ್ಲಿ ಅವಳು ಅಬ್ಬಾನ ಹೆಸರು ಹೇಳಿದಳು. ಎಷ್ಟು ವರ್ಷದ ಅನುಭವ ಎಂದು ಕೇಳಿದರು.

ಬೆರಳು ಮಡಚಿ ಎಣಿಸಿ, “ಹದಿನೇಳು” ಎಂದಳು.

ನನ್ನ ಅರ್ಜಿಯಲ್ಲಿ ಒಂಬತ್ತು ಎಂದು ಬರೆಸಿದ್ದೆ. ಒಂದು ತಟ್ಟೆಯಲ್ಲಿ ಉಂಡರೂ ನನಗೆ ಈ ಲೆಕ್ಕ ಹೊಳೆದಿರಲಿಲ್ಲ. ಸಹಿ ಮಾಡುವ ಜಾಗದಲ್ಲಿ ಕನ್ನಡದಲ್ಲಿ ನಿಧಾನವಾಗಿ, ರಫು ಮಾಡುವ ಹಾಗೆಯೇ, ಒಂದೊಂದು ಅಕ್ಷರ ಕೂಡಿಸಿ ಬರೆದಳು.

ಸೋಮವಾರ ಅವಳ ಮೊದಲ ಶಿಫ್ಟ್. ದಾರಿ ಗೊತ್ತಿಲ್ಲವೆಂದು ಜೊತೆಗೆ ಹೋದೆ. ಕುರ್ಲಾದಿಂದ ದಾದರ್, ದಾದರ್‌ನಲ್ಲಿ ಸೇತುವೆ ದಾಟಿ ಇನ್ನೊಂದು ಲೈನು, ಅಲ್ಲಿಂದ ಮಲಾಡ್. ಯಾವ ಕಂಬದ ಹತ್ತಿರ ನಿಂತರೆ ಹೆಂಗಸರ ಬೋಗಿ ಎದುರಿಗೆ ಬರುತ್ತದೆ, ಯಾವ ಕಡೆ ಇಳಿಯಬೇಕು, ಎಲ್ಲ ಹೇಳುತ್ತಾ ಹೋದೆ. ಹರಿದ ಕೋಟು ಯಾಕೆ ಹರಿದದ್ದು, ಯಾವ ದೃಶ್ಯದ್ದು ಎಂದು ಕೇಳದೆ ಸೂಜಿ ಹಚ್ಚಬೇಡ ಎಂದೂ ಹೇಳಿದೆ.

“ಕೇಳಿದ್ರ ಹೇಳ್ತಾರೇನು ಅವ್ರು?” ಎಂದಳು.

“ಹೇಳದಿದ್ರ ಮುಟ್ಟಬ್ಯಾಡ. ಸಂಘದ ನಿಯಮ ಐತಿ.”

ಗೇಟಿನಲ್ಲಿ ಕಾವಲುಗಾರ ನನಗೆ ಸಲಾಂ ಹೊಡೆದ, ಆಮೇಲೆ ಅಡ್ಡ ನಿಂತ. ಹಳೆಯ ಗೆಳೆಯ, ಮುಖ ಸಣ್ಣದು ಮಾಡಿಕೊಂಡು, “ದಾದಾ, ನಿಮ್ಮ ಕಾರ್ಡ್...” ಎಂದ. ಗೊತ್ತು ಎಂದೆ. ಅವಳು ತನ್ನ ಹೊಸ ಕಾರ್ಡ್ ತೋರಿಸಿದಳು. ಅವನು ಫೋಟೋ ನೋಡಿ, ಅವಳನ್ನು ನೋಡಿ, ದಾರಿ ಬಿಟ್ಟ.

ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. ಗೇಟಿನ ಒಳಗಿನಿಂದಲೇ, ಸುತ್ತಲಿನವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, “ಅನ್ನಕ್ಕ ನೀರು ಜಾಸ್ತಿ ಹಾಕಬ್ಯಾಡ್ರಿ. ಬ್ಯಾಳಿ ನೆನಸಿ ಬಂದೀನಿ, ಮಧ್ಯಾಹ್ನ ಕುದಸ್ರಿ” ಎಂದಳು.

“ಹೂಂ, ಹೋಗು. ಹೊತ್ತಾತು.”

“ನೀವು ನಿಂದ್ರಬ್ಯಾಡ್ರಿ ಇಲ್ಲೇ.”

ಅವಳು ಒಳಗೆ ಹೋದಳು. ಡ್ರೆಸ್ ಕೋಣೆ ಯಾವ ಕಡೆ ಎಂದು ಹೇಳಲು ಮರೆತಿದ್ದೆ. ಕೂಗಿ ಹೇಳೋಣವೆಂದು ಗೇಟಿನ ಹತ್ತಿರ ಹೋದೆ. ಅಷ್ಟರಲ್ಲಿ ಅವಳು ಯಾರನ್ನೋ ಕೇಳಿಕೊಂಡು, ಸೂಜಿ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಸರಿಯಾದ ಕಡೆಗೇ ತಿರುಗಿದ್ದಳು. ಶಿಫ್ಟಿನ ಗಂಟೆ ಹೊಡೆಯಿತು. ನಾನು ಬೇಳೆ ಕುದಿಸಲು ಸ್ಟೇಷನ್ನಿನ ಕಡೆ ನಡೆದೆ.